ಉಡುಪಿನ ಚಿತ್ರವನ್ನು ಓದುವುದು ಹೇಗೆ?



ಇಂದಿನ ಭಾಷಣಕ್ಕೆ ಮುನ್ನ ನಿಮ್ಮಲ್ಲಿ ಒಂದು ಕೋರಿಕೆ. ಒಂದು ಬಿಳಿ ಹಾಳೆಯನ್ನೂ ಒಂದು ಪೆನ್ಸಿಲನ್ನೂ ಹತ್ತಿರ ಇಟ್ಟುಕೊಳ್ಳಿ. ಚಿತ್ರ ಬರೆಯಲು ಬಾರದು ಎಂದು ಹಿಂಜರಿಯಬೇಡಿ. ನಾವು ಬರೆಯಲಿರುವುದು ಚಿತ್ರಕಲಾ ಪರೀಕ್ಷೆಗಲ್ಲ. ಸುಮಾರು ಎಂಬತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ಒಬ್ಬ ಮಹಿಳೆ ರೂಪಿಸಿದ ಒಂದು ಸಾಧಾರಣ ಉಡುಪನ್ನು ನಾವು ಕಾಗದದ ಮೇಲೆ ಗೆರೆಗೆರೆಯಾಗಿ ಬರೆದು ನೋಡೋಣ. ಹಾಗೆ ಬರೆಯುವಾಗ ಪ್ರತಿಯೊಂದು ಗೆರೆಯೂ ಏನನ್ನು ಹೇಳುತ್ತದೆ ಎಂಬುದನ್ನು ತಿಳಿಯೋಣ.

ಹಬ್ಬಕ್ಕೆ ಬಟ್ಟೆ ಹೊಲಿಸಲು ನೀವು ದರ್ಜಿಯವರ ಅಂಗಡಿಗೆ ಹೋಗಿರುತ್ತೀರಿ. ಅವರು ಟೇಪು ಹಿಡಿದು ಅಳತೆ ತೆಗೆದು, ಅಂಕಿಗಳನ್ನು ಬಿಲ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ಅದೇ ಹಾಳೆಯ ಮೂಲೆಯಲ್ಲಿ ಕುತ್ತಿಗೆಯ ಆಕಾರವನ್ನೂ ತೋಳಿನ ಉದ್ದವನ್ನೂ ನಾಲ್ಕು ಗೆರೆಗಳಲ್ಲಿ ಗುರುತು ಮಾಡಿ, ನೀವು ಕೊಟ್ಟ ಬಟ್ಟೆಯ ಒಂದು ಚೂರನ್ನು ಕತ್ತರಿಸಿ ಅಲ್ಲಿಯೇ ಪಿನ್ನು ಹೊಡೆಯುತ್ತಾರೆ. ನಿಮ್ಮ ತಾಯಿ, “ಕುತ್ತಿಗೆ ಅಷ್ಟು ಆಳ ಬೇಡ, ಸ್ವಲ್ಪ ಮೇಲಕ್ಕಿರಲಿ” ಎಂದರೆ ಆ ಗೆರೆಯನ್ನು ಹೊಡೆದುಹಾಕಿ ಇನ್ನೊಂದು ಗೆರೆ ಎಳೆಯುತ್ತಾರೆ. ಆ ಚಿತ್ರವನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ. ಆದರೆ ಅದು ತಪ್ಪಾದರೆ ಉಡುಪೂ ತಪ್ಪಾಗುತ್ತದೆ. ನಾಲ್ಕು ದಿನಗಳ ಮೇಲೆ ಕತ್ತರಿ ಹಿಡಿಯುವವರಿಗೆ, ಅವರು ಬೇರೆಯವರೇ ಆಗಿರಬಹುದು, ನಿಮ್ಮ ಇಷ್ಟವನ್ನು ತಿಳಿಸುವ ಸಾಧನ ಅದೊಂದೇ.

ದೊಡ್ಡ ವಸ್ತ್ರವಿನ್ಯಾಸಕರ ಚಿತ್ರಗಳೂ ಮೂಲತಃ ಇದೇ ಜಾತಿಯವು. ಅವು ಒಬ್ಬರು ಇನ್ನೊಬ್ಬರಿಗೆ ಬರೆಯುವ ಪತ್ರಗಳು. ಮನಸ್ಸಿನಲ್ಲಿರುವ ಉಡುಪನ್ನು ಹೊಲಿಯುವ ಕೈಗೆ ತಲುಪಿಸುವುದೇ ಅವುಗಳ ಕೆಲಸ. ಸೊಂಟದ ಗೆರೆ ಎಲ್ಲಿ ಬರಬೇಕು, ನೆರಿಗೆ ಎಲ್ಲಿಂದ ಇಳಿಯಬೇಕು, ಗುಂಡಿ ಎಷ್ಟು, ಜೇಬು ಇದೆಯೇ ಇಲ್ಲವೇ, ಹಿಂಭಾಗ ಹೇಗಿರಬೇಕು ಎಂಬುದನ್ನೆಲ್ಲ ಅವು ಹೇಳಬೇಕು.

ಆದರೆ ಒಂದು ಎಚ್ಚರಿಕೆ. ಪತ್ರಿಕೆಗಳಲ್ಲಿ ಬರುವ ಫ್ಯಾಷನ್ ಚಿತ್ರಗಳನ್ನು ಅಳತೆಪಟ್ಟಿ ಇಟ್ಟು ನೋಡಿ. ಸಾಮಾನ್ಯವಾಗಿ ವಯಸ್ಕರ ಎತ್ತರ ತಲೆಯ ಉದ್ದದ ಏಳೂವರೆ ಪಟ್ಟು ಇರುತ್ತದೆ. ಫ್ಯಾಷನ್ ಚಿತ್ರಗಳಲ್ಲಿ ಅದನ್ನು ಒಂಬತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು ಮಾಡಿರುತ್ತಾರೆ. ಹೆಚ್ಚಿದ ಉದ್ದವೆಲ್ಲ ಬಹುಪಾಲು ಕಾಲುಗಳಿಗೆ ಹೋಗುತ್ತದೆ. ಬಟ್ಟೆ ಹಗುರವಾಗಿ ಇಳಿಬಿದ್ದಂತೆ ಕಾಣಲಿ ಎಂಬುದಕ್ಕಾಗಿ ಹೀಗೆ ಮಾಡುವ ರೂಢಿ. ಅಂಥ ದೇಹ ಯಾರಿಗೂ ಇಲ್ಲ. ಆದುದರಿಂದ, ಚಿತ್ರದಲ್ಲಿರುವಂತೆ ತಾನಿಲ್ಲವಲ್ಲ ಎಂದು ಯಾವ ಹುಡುಗಿಯೂ ಕೊರಗಬೇಕಾಗಿಲ್ಲ. ನೀವು ಈಗ ನಿಮ್ಮ ಹಾಳೆಯ ಮೇಲೆ ಬರೆಯುವ ಹೆಂಗಸಿಗೆ ಏಳೂವರೆ ತಲೆಯ ಎತ್ತರ ಸಾಕು.

ಈಗ ಇಬ್ಬರು ವಿನ್ಯಾಸಕರ ಪರಿಚಯ ಮಾಡಿಕೊಳ್ಳೋಣ. ಇಬ್ಬರೂ ಹುಟ್ಟಿದ್ದು 1905ರಲ್ಲಿ. ಕ್ರಿಸ್ಟಿಯನ್ ಡಿಯೋರ್ ಜನವರಿಯಲ್ಲಿ, ಫ್ರಾನ್ಸಿನ ಕಡಲತೀರದ ಗ್ರಾನ್‌ವಿಲ್ ಎಂಬ ಊರಿನಲ್ಲಿ. ಕ್ಲೇರ್ ಮೆಕಾರ್ಡೆಲ್ ಮೇ ತಿಂಗಳಲ್ಲಿ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಫ್ರೆಡರಿಕ್ ಎಂಬ ಊರಿನಲ್ಲಿ. ತೀರಿಕೊಂಡದ್ದೂ ಕೆಲವೇ ತಿಂಗಳುಗಳ ಅಂತರದಲ್ಲಿ: ಅವರು 1957ರ ಅಕ್ಟೋಬರಿನಲ್ಲಿ, ಇವರು 1958ರ ಮಾರ್ಚಿನಲ್ಲಿ. ಒಂದೇ ಕಾಲದಲ್ಲಿ ಬದುಕಿದ ಈ ಇಬ್ಬರೂ ಹೆಣ್ಣುಮಕ್ಕಳ ಉಡುಪನ್ನೇ ಬರೆದರು. ಆದರೆ ಪೆನ್ಸಿಲು ಹಿಡಿದಾಗ ಅವರು ಕೇಳಿಕೊಂಡ ಪ್ರಶ್ನೆಗಳು ಬೇರೆ.

ಡಿಯೋರ್ ಅವರ ತಂದೆಯ ವ್ಯಾಪಾರ 1929ರ ನಂತರದ ಆರ್ಥಿಕ ಕುಸಿತದಲ್ಲಿ ಮುಳುಗಿತು. ಕೆಲಸವಿಲ್ಲದ ಮಗ ಹೊಟ್ಟೆಪಾಡಿಗಾಗಿ ಹಿಡಿದದ್ದು ಪೆನ್ಸಿಲನ್ನು. ಟೋಪಿಗಳ ಮತ್ತು ಉಡುಪುಗಳ ಚಿತ್ರ ಬರೆದು ಪ್ಯಾರಿಸಿನ ವಸ್ತ್ರಶಾಲೆಗಳಿಗೆ ಮಾರುತ್ತಿದ್ದರು. ಮುಂದೆ ಬೇರೆಯವರ ವಸ್ತ್ರಶಾಲೆಗಳಲ್ಲಿ ದುಡಿದು, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಾರ್ಸೆಲ್ ಬುಸ್ಸಾಕ್ ಎಂಬ ಬಟ್ಟೆ ಗಿರಣಿಗಳ ಮಾಲೀಕರ ಬಂಡವಾಳದಿಂದ ಸ್ವಂತ ವಸ್ತ್ರಶಾಲೆಯನ್ನು ತೆರೆದರು. 1947ರ ಫೆಬ್ರವರಿ 12ರಂದು ಅವರ ಮೊದಲ ಪ್ರದರ್ಶನ ನಡೆಯಿತು. ಅದರಲ್ಲಿ ಎಲ್ಲರ ಕಣ್ಣು ಸೆಳೆದದ್ದು ‘ಬಾರ್’ ಎಂದು ಹೆಸರಾದ ಉಡುಪು: ಕೆನೆಬಣ್ಣದ ರೇಷ್ಮೆಯ ಜಾಕೆಟ್ಟು, ಅದರ ಕೆಳಗೆ ನೆರಿಗೆ ನೆರಿಗೆಯಾದ ಕಪ್ಪು ಉಣ್ಣೆಯ ಅಗಲವಾದ ಸ್ಕರ್ಟು. ‘ಹಾರ್ಪರ್ಸ್ ಬಜಾರ್’ ಪತ್ರಿಕೆಯ ಸಂಪಾದಕಿ ಕಾರ್ಮೆಲ್ ಸ್ನೋ ಇದನ್ನು ‘ನ್ಯೂ ಲುಕ್’, ಅಂದರೆ ಹೊಸ ನೋಟ, ಎಂದು ಕರೆದರು. ಆ ಹೆಸರು ಜಗತ್ತಿನಾದ್ಯಂತ ಹರಡಿತು.

ಆ ಉಡುಪನ್ನು ಚಿತ್ರದಲ್ಲಿ ನೋಡಿದರೆ ಕೆಲವೇ ಗೆರೆಗಳು. ಭುಜದಿಂದ ಇಳಿದ ಎರಡು ಗೆರೆಗಳು ಸೊಂಟದ ಹತ್ತಿರ ಒಂದನ್ನೊಂದು ಮುಟ್ಟುವಷ್ಟು ಸಮೀಪಕ್ಕೆ ಬಂದು, ಅಲ್ಲಿಂದ ಕೆಳಗೆ ಹೂವಿನ ದಳದಂತೆ ಅರಳುತ್ತವೆ. ಕಾಗದದ ಮೇಲೆ ಇದು ಕ್ಷಣದ ಕೆಲಸ. ಬಟ್ಟೆಯಲ್ಲಿ ಅದನ್ನು ಸಾಧಿಸಬೇಕಾದರೆ ಜಾಕೆಟ್ಟಿನ ಕೆಳಭಾಗಕ್ಕೆ ಒಳಗಿನಿಂದ ಮೆತ್ತೆ ಕೊಡಬೇಕು. ಸ್ಕರ್ಟು ಅರಳಿ ನಿಲ್ಲಲು ಗಜಗಟ್ಟಲೆ ಬಟ್ಟೆ ಬೇಕು. ತೊಡುವವರ ಸೊಂಟವನ್ನು ಒಳಪಟ್ಟಿಯಿಂದ ಬಿಗಿಯಬೇಕು. ಇದಾವುದೂ ಚಿತ್ರದಲ್ಲಿ ಕಾಣುವುದಿಲ್ಲ.

ಹಾಗೆಂದು ಡಿಯೋರ್ ಅವರನ್ನು ಸುಮ್ಮನೆ ದೂಷಿಸುವುದು ನ್ಯಾಯವಲ್ಲ. ಯುದ್ಧದ ವರ್ಷಗಳಲ್ಲಿ ಹಳೆಯ ಬಟ್ಟೆಯನ್ನೇ ತೇಪೆ ಹಾಕಿ ತೊಟ್ಟಿದ್ದ ಎಷ್ಟೋ ಮಹಿಳೆಯರಿಗೆ ಆ ತುಂಬು ನೆರಿಗೆ ಕಂಡಾಗ ಒಳ್ಳೆಯ ಕಾಲ ಮರಳಿತು ಎನ್ನಿಸಿತು. ಪ್ಯಾರಿಸಿನ ಸೂಜಿ ಕೆಲಸದವರಿಗೆ ಮತ್ತೆ ಕೈತುಂಬ ಕೆಲಸ ಸಿಕ್ಕಿತು. ಆದರೆ ಬ್ರಿಟನ್ನಿನಲ್ಲಿ 1949ರವರೆಗೂ ಬಟ್ಟೆಗೆ ಪಡಿತರ ಚೀಟಿ ಇತ್ತು. ಅಮೆರಿಕದ ಡಲ್ಲಾಸ್ ನಗರದಲ್ಲಿ ಮಹಿಳೆಯರು ಈ ಉದ್ದನೆಯ ಸ್ಕರ್ಟನ್ನು ವಿರೋಧಿಸಿ, ‘ಮಂಡಿಗಿಂತ ಸ್ವಲ್ಪ ಕೆಳಗೆ’ ಎಂಬ ಅರ್ಥದ ಹೆಸರಿಟ್ಟು ಸಂಘವನ್ನೇ ಕಟ್ಟಿದರು. ಒಂದು ಗೆರೆ ಕೆಲವು ಅಂಗುಲ ಕೆಳಗಿಳಿದರೆ ಜನ ಬೀದಿಯಲ್ಲಿ ವಾದಿಸುವಂತಾಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಇನ್ನು ಮೆಕಾರ್ಡೆಲ್ ಅವರ ವಿಷಯ. ಬಾಲ್ಯದಲ್ಲಿ ಅವರು ತಾಯಿಯ ಪತ್ರಿಕೆಗಳಿಂದ ಕಾಗದದ ಗೊಂಬೆಗಳನ್ನು ಕತ್ತರಿಸುತ್ತಿದ್ದರಂತೆ. ನ್ಯೂಯಾರ್ಕಿನಲ್ಲಿ ವಸ್ತ್ರವಿನ್ಯಾಸ ಕಲಿಯುವಾಗ ಅದೇ ಶಾಲೆಯ ಪ್ಯಾರಿಸ್ ಶಾಖೆಗೆ ಹೋದರು. ಅಲ್ಲಿ ಮ್ಯಾಡಲೀನ್ ವಿಯೋನೆ ಎಂಬ ಪ್ರಸಿದ್ಧ ವಿನ್ಯಾಸಕಿಯ ಉಡುಪುಗಳು ಅಗ್ಗದ ಮಾರಾಟದಲ್ಲಿ ಸಿಕ್ಕಾಗ ಕೊಂಡು, ಹೊಲಿಗೆ ಬಿಚ್ಚಿ, ತುಂಡುಗಳನ್ನು ಹರಡಿ, ಅವು ಹೇಗೆ ಕೂಡಿಕೊಂಡಿವೆ ಎಂದು ಪರೀಕ್ಷಿಸುತ್ತಿದ್ದರು. ನಿಮ್ಮಲ್ಲಿ ಕೆಲವರು ಹಳೆಯ ಗಡಿಯಾರವನ್ನೋ ರೇಡಿಯೋವನ್ನೋ ಬಿಚ್ಚಿ ಕಲಿಯುವಂತೆ ಅವರು ಉಡುಪನ್ನು ಬಿಚ್ಚಿ ಕಲಿತರು.

ಆ ದಿನಗಳಲ್ಲಿ ಅಮೆರಿಕದ ಸಿದ್ಧ ಉಡುಪಿನ ಕಂಪನಿಗಳು ತಮ್ಮ ವಿನ್ಯಾಸಕರನ್ನು ಪ್ಯಾರಿಸಿಗೆ ಕಳುಹಿಸಿ, ಅಲ್ಲಿನ ಹೊಸ ಮಾದರಿಗಳನ್ನು ನೋಡಿಬಂದು ನಕಲು ಮಾಡಿಸುತ್ತಿದ್ದವು. ಟೌನ್‌ಲಿ ಎಂಬ ಕಂಪನಿಯಲ್ಲಿದ್ದ ಮೆಕಾರ್ಡೆಲ್ ಅವರಿಗೂ ಅದೇ ಕೆಲಸ. ಆದರೆ ಅವರ ಮನಸ್ಸು ನಕಲಿನಲ್ಲಿ ನಿಲ್ಲಲಿಲ್ಲ. 1938ರಲ್ಲಿ ಅವರು ರೂಪಿಸಿದ ‘ಮೊನ್ಯಾಸ್ಟಿಕ್’ ಉಡುಪಿಗೆ ಸೊಂಟದ ಹೊಲಿಗೆಯೇ ಇರಲಿಲ್ಲ. ಭುಜದಿಂದ ಡೇರೆಯಂತೆ ಇಳಿಬಿಟ್ಟ ಅಂಗಿ; ಸೊಂಟ ಎಲ್ಲಿ ಬೇಕೋ ಅಲ್ಲಿ ತೊಡುವವಳೇ ಪಟ್ಟಿ ಕಟ್ಟಿಕೊಳ್ಳಬೇಕು. ಅದು ಎಷ್ಟು ಜನಪ್ರಿಯವಾಯಿತೆಂದರೆ ಇತರ ಕಂಪನಿಗಳು ಎಗ್ಗಿಲ್ಲದೆ ನಕಲು ಮಾಡಿದವು. ಅಮೆರಿಕದ ಕಾನೂನು ಪುಸ್ತಕಕ್ಕೋ ಹಾಡಿಗೋ ಕೊಡುವ ಹಕ್ಕಿನ ರಕ್ಷಣೆಯನ್ನು ಉಡುಪಿನ ಕತ್ತರಿಕೆಗೆ ಕೊಡುತ್ತಿರಲಿಲ್ಲ. ನಕಲು ಮಾಡಿದವರ ಮೇಲೆ ಮೊಕದ್ದಮೆ ಹೂಡುತ್ತ ಕಂಪನಿ ಸೋತು ಬಾಗಿಲು ಮುಚ್ಚಿತು. 1940ರಲ್ಲಿ ಅದು ಮತ್ತೆ ತೆರೆದಾಗ ಉಡುಪಿನ ಪಟ್ಟಿಯ ಮೇಲೆ ಮೆಕಾರ್ಡೆಲ್ ಅವರ ಹೆಸರನ್ನೇ ಮುದ್ರಿಸಲಾಯಿತು. ಸಿದ್ಧ ಉಡುಪಿನ ಹಿಂದಿರುವ ವಿನ್ಯಾಸಕರ ಹೆಸರು ಕೊಳ್ಳುವವರಿಗೆ ತಿಳಿಯದಿದ್ದ ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಅದೇ 1940ರಲ್ಲಿ ಪ್ಯಾರಿಸ್ ಜರ್ಮನ್ ಸೇನೆಯ ವಶವಾಯಿತು. ಅಲ್ಲಿಂದ ನಕಲು ತರುವ ದಾರಿ ಮುಚ್ಚಿತು. 1942ರಲ್ಲಿ ಅಮೆರಿಕ ಸರ್ಕಾರವೂ ಯುದ್ಧಕ್ಕಾಗಿ ಬಟ್ಟೆ ಉಳಿಸಲು ಎಲ್-85 ಎಂಬ ಆದೇಶ ಹೊರಡಿಸಿ, ಒಂದು ಉಡುಪಿಗೆ ಎಷ್ಟು ಬಟ್ಟೆ ಬಳಸಬಹುದು ಎಂದು ಮಿತಿ ಹಾಕಿತು. ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸರು ಯುದ್ಧಸಾಮಗ್ರಿಯ ಕಾರ್ಖಾನೆಗಳಿಗೆ ಹೋದರು. ಅಡಿಗೆ, ಕಸ, ಪಾತ್ರೆ ಎಲ್ಲವೂ ಮನೆಯ ಒಡತಿಯ ಪಾಲಿಗೆ ಬಂತು. ಆಗ ಅದೇ ‘ಹಾರ್ಪರ್ಸ್ ಬಜಾರ್’ ಪತ್ರಿಕೆ, ಇಂಥ ಗೃಹಿಣಿ ಕೆಲಸ ಮಾಡುವಾಗ ತೊಡಲು ಅನುಕೂಲವಾದ ಒಂದು ಉಡುಪನ್ನು ರೂಪಿಸಿಕೊಡಿ ಎಂದು ಮೆಕಾರ್ಡೆಲ್ ಅವರನ್ನು ಕೇಳಿತು. ಅವರು ಕೊಟ್ಟ ಉತ್ತರದ ಹೆಸರು ‘ಪಾಪೋವರ್’. ಒಳ್ಳೆಯ ಬಟ್ಟೆಯ ಮೇಲೆ ತಟ್ಟನೆ ತೊಟ್ಟುಕೊಳ್ಳುವಂಥದ್ದು ಎಂದು ಅದರ ಭಾವ.

ಈಗ ಪೆನ್ಸಿಲು ಕೈಗೆ ತೆಗೆದುಕೊಳ್ಳಿ.

ಮೊದಲು ಅಂಗಿಯ ಎದೆಭಾಗ. ಒಂದು ಮಗ್ಗುಲು ಇನ್ನೊಂದರ ಮೇಲೆ ಹಾಯ್ದು ಬರುವಂತೆ ಓರೆಯಾದ ಗೆರೆ ಎಳೆಯಿರಿ. ಉತ್ತರ ಕರ್ನಾಟಕದ ಹಿರಿಯರು ತೊಡುತ್ತಿದ್ದ ಬಾರಾಬಂದಿಯನ್ನು ನೀವು ಕಂಡಿದ್ದರೆ ಈ ರೀತಿ ಬೇಗ ಅರ್ಥವಾಗುತ್ತದೆ. ಹೀಗೆ ಸುತ್ತಿ ಕಟ್ಟುವ ಅಂಗಿ ತೆಳ್ಳಗಿರುವವರಿಗೂ ದಪ್ಪಗಿರುವವರಿಗೂ ಹೊಂದುತ್ತದೆ. ತಲೆಯ ಮೇಲಿಂದ ಎಳೆದುಕೊಳ್ಳಬೇಕಾಗಿಲ್ಲ. ಅದರ ಕಟ್ಟು ಮುಂದುಗಡೆಯೇ ಇದೆ ಎಂಬುದನ್ನು ವಿಶೇಷವಾಗಿ ಗಮನಿಸಿ. ಆ ಕಾಲದ ಎಷ್ಟೋ ಸೊಗಸಾದ ಉಡುಪುಗಳಿಗೆ ಗುಂಡಿಯೋ ಜಿಪ್ಪೋ ಬೆನ್ನಿನ ಮೇಲೆ ಇರುತ್ತಿತ್ತು. ಬೆನ್ನಿನ ಜಿಪ್ಪು ಎಂದರೆ ಅದನ್ನು ಏರಿಸಲು ಇನ್ನೊಬ್ಬರು ಬೇಕು ಎಂದರ್ಥ. ಮನೆಯಲ್ಲಿ ಆಳುಕಾಳು ಇದ್ದವರಿಗೆ ಅದು ಸರಿ. ಬೆಳಿಗ್ಗೆ ಒಬ್ಬಳೇ ಎದ್ದು ಕೆಲಸಕ್ಕೆ ಓಡುವವಳು ಏನು ಮಾಡಬೇಕು? ಮೆಕಾರ್ಡೆಲ್ ತಮ್ಮ ಇತರ ಉಡುಪುಗಳಲ್ಲಿಯೂ ಜಿಪ್ಪನ್ನು ಬೆನ್ನಿನಿಂದ ಪಕ್ಕಕ್ಕೆ ತಂದರು. ಕಣ್ಣಿಗೆ ಕಾಣುವ ದೊಡ್ಡ ಹಿತ್ತಾಳೆಯ ಹುಕ್ಕುಗಳನ್ನು ಬಳಸಿದರು.

ಎರಡನೆಯದು, ತೋಳು. ಅದನ್ನು ಮಣಿಕಟ್ಟಿಗೆ ಇಳಿಸಬೇಡಿ. ಮೇಲಕ್ಕೆ ಮಡಿಚಿದಂತೆ ಬರೆಯಿರಿ, ಕೈ ನೀರಿಗೆ ಹೋಗಬೇಕು.

ಮೂರನೆಯದು, ಹೊಲಿಗೆ. ಅಂಚುಗಳ ಉದ್ದಕ್ಕೂ ಜೊತೆಜೊತೆಯಾಗಿ ಎರಡು ಸಾಲು ಚುಕ್ಕಿಗಳನ್ನು ಇಡಿ. ಜೀನ್ಸ್ ಪ್ಯಾಂಟಿನ ಮೇಲೆ ಕಾಣುವ ಜೋಡಿ ಹೊಲಿಗೆಯೇ ಇದು. ಈ ಉಡುಪಿನ ಬಟ್ಟೆಯೂ ಡೆನಿಮ್, ಅಂದರೆ ಕೂಲಿಕಾರರ ಗಟ್ಟಿ ಬಟ್ಟೆ. ಒಗೆದರೆ ಹಾಳಾಗುವುದಿಲ್ಲ. ರೇಷ್ಮೆ, ಉಣ್ಣೆಗಳನ್ನು ಬಿಟ್ಟು ಡೆನಿಮ್ಮು, ಚೌಕುಳಿಯ ಹತ್ತಿ ಬಟ್ಟೆ, ಹಾಸಿಗೆಗೆ ಹಾಕುವ ಪಟ್ಟೆ ಬಟ್ಟೆ, ಇಂಥವುಗಳಲ್ಲಿ ಅಂದವಾದ ಉಡುಪು ಮಾಡಬಹುದು ಎಂದು ಅವರು ತೋರಿಸಿಕೊಟ್ಟರು.

ನಾಲ್ಕನೆಯದು, ಸ್ಕರ್ಟಿನ ಮೇಲೆ ಒಂದು ದೊಡ್ಡ ಚೌಕ. ಅದು ಜೇಬು. ಒಳಗೆ ಅಡಗಿಸಿದ್ದಲ್ಲ, ಮೇಲೆ ಹಚ್ಚಿ ಹೊಲಿದದ್ದು. ಐದನೆಯದು, ಸೊಂಟದ ಬಳಿಯಿಂದ ಒಂದು ದಾರ, ಅದರ ತುದಿಯಲ್ಲಿ ಒಂದು ದಪ್ಪ ಕೈಗವಸು. ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸಲು ಮಸಿಬಟ್ಟೆ ಹುಡುಕುವ ಕಷ್ಟ ನಮ್ಮ ಅಡಿಗೆಮನೆಗಳಿಗೂ ಗೊತ್ತು. ಮೆಕಾರ್ಡೆಲ್ ಆ ಮಸಿಬಟ್ಟೆಯನ್ನು ಉಡುಪಿಗೇ ಕಟ್ಟಿಬಿಟ್ಟರು.

ನಿಮ್ಮ ಚಿತ್ರ ಮುಗಿಯಿತು. ಇದು ಕೆಲಸದ ಉಡುಪಿನ ವರ್ಗಕ್ಕೆ ಸೇರಿದ್ದರಿಂದ ಕಡಿಮೆ ಬೆಲೆಗೆ, 6 ಡಾಲರ್ 95 ಸೆಂಟಿಗೆ, ಮಾರಲು ಸಾಧ್ಯವಾಯಿತು. ಮೊದಲ ಋತುವಿನಲ್ಲಿಯೇ 75,000ಕ್ಕೂ ಹೆಚ್ಚು ಮಾರಾಟವಾದವು. ಮುಂದಿನ ವರ್ಷಗಳಲ್ಲಿ ಇದೇ ಮಾದರಿಯನ್ನು ಅವರು ಬೇರೆ ಬೇರೆ ಬಟ್ಟೆಗಳಲ್ಲಿ ಮತ್ತೆ ಮತ್ತೆ ಹೊರತಂದರು. ಅಡಿಗೆಮನೆಯ ಅಂಗಿ ಹಾಗೆ ಹೊರಗಿನ ಉಡುಪೂ ಆಯಿತು.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ಕೆಲಸಕ್ಕೆ ತಕ್ಕ ಉಡುಪಿನಲ್ಲಿ ಅಂದಕ್ಕೆ ಜಾಗವೆಲ್ಲಿ? ನಿಮ್ಮ ಹಾಳೆಯನ್ನೇ ನೋಡಿ. ಆ ಓರೆ ಗೆರೆ, ಜೋಡಿ ಹೊಲಿಗೆ, ದೊಡ್ಡ ಜೇಬು ಇವು ಮೂರನ್ನು ಬಿಟ್ಟರೆ ಅಲಂಕಾರವೆಂಬುದೇ ಅದರಲ್ಲಿಲ್ಲ. ಆದರೂ ಅದು ನೋಡಲು ಚೆನ್ನಾಗಿದೆ. ಮಡಿಕೆಯನ್ನು ಬಲ್ಲ ಕುಂಬಾರನ ಗಡಿಗೆ, ನೆಲವನ್ನು ಬಲ್ಲ ಕಮ್ಮಾರನ ಗುದ್ದಲಿ ಚೆನ್ನಾಗಿರುವಂತೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಒಂದು ಪಾಪೋವರನ್ನು ಜೋಪಾನವಾಗಿ ಇಟ್ಟಿದ್ದಾರೆ.

ಚಿತ್ರ ಮುಗಿದ ಮೇಲಿನ ಕಥೆಯನ್ನೂ ಸ್ವಲ್ಪ ಹೇಳಬೇಕು. ಡಿಯೋರ್ ಅವರ ಶಾಲೆಯಲ್ಲಿ ಆಯ್ದ ಚಿತ್ರಗಳು ಹೊಲಿಗೆ ಕೋಣೆಯ ಮುಖ್ಯಸ್ಥರ ಕೈಗೆ ಹೋಗುತ್ತಿದ್ದವು. ಅವರು ಅದನ್ನು ಮೊದಲು ಸಾದಾ ಕೋರಾ ಬಟ್ಟೆಯಲ್ಲಿ ಕತ್ತರಿಸಿ, ಪಿನ್ನು ಚುಚ್ಚಿ, ನಿಲ್ಲಿಸಿ ತೋರಿಸಬೇಕು. ಆಮೇಲೆ ತಿದ್ದುಪಡಿ, ಅದಾದ ಮೇಲೆ ನಿಜವಾದ ಬಟ್ಟೆ. ಒಬ್ಬ ಗಿರಾಕಿಗೆ ಒಂದು ಉಡುಪು, ಅವರವರ ಅಳತೆಗೆ. ಮೆಕಾರ್ಡೆಲ್ ಅವರ ಚಿತ್ರ ಹೋಗುತ್ತಿದ್ದದ್ದು ಕಾರ್ಖಾನೆಗೆ. ಅಲ್ಲಿ ಒಂದು ಅಳತೆಗೆ ಕಾಗದದ ಮಾದರಿ ಮಾಡಿ, ಅದನ್ನು ಹಿಗ್ಗಿಸಿ ಕುಗ್ಗಿಸಿ ಹಲವು ಅಳತೆಗಳಿಗೆ ಹೊಂದಿಸಿ, ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಟ್ಟಿಗೇ ಕತ್ತರಿಸುತ್ತಾರೆ. ಒಬ್ಬರು ತೋಳು, ಒಬ್ಬರು ಕಾಲರು, ಒಬ್ಬರು ಜೇಬು ಎಂದು ಸಾಲಾಗಿ ಕುಳಿತು ಹೊಲಿಯುತ್ತಾರೆ. ಇಲ್ಲಿ ಚಿತ್ರದ ಒಂದು ಗೆರೆ ಹೆಚ್ಚಾದರೆ ಸಾವಿರಾರು ಉಡುಪುಗಳಿಗೆ ಒಂದೊಂದು ಹೊಲಿಗೆ ಹೆಚ್ಚಾಯಿತು, ಬೆಲೆಯೂ ಏರಿತು. ಆದ್ದರಿಂದ ಉಳಿತಾಯದ ಒತ್ತಡ ಬಂದಾಗ ಎಷ್ಟೋ ಕಡೆ ಮೊದಲು ಮಾಯವಾಗುವುದು ಜೇಬು. ಇಷ್ಟು ಕಡಿಮೆ ಬೆಲೆಯಲ್ಲಿಯೂ ಮೆಕಾರ್ಡೆಲ್ ಜೇಬನ್ನು ಉಳಿಸಿಕೊಂಡರು ಎಂಬುದನ್ನು ನಾವು ನೆನಪಿಡಬೇಕು.

ಈ ಮಾತು ನಮ್ಮಿಂದ ದೂರದ್ದೇನಲ್ಲ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊರದೇಶಗಳಿಗೆ ಹೋಗುವ ಉಡುಪುಗಳನ್ನು ಹೊಲಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಅವರ ಮುಂದೆಯೂ ಎಲ್ಲಿಯೋ ಯಾರೋ ಬರೆದ ಒಂದು ಚಿತ್ರ ಇರುತ್ತದೆ. ನಿಮ್ಮ ಮನೆಯವರೇ ಯಾರಾದರೂ ಆ ಕೆಲಸದಲ್ಲಿದ್ದರೆ, ಒಂದು ಜೇಬು ಹಚ್ಚಲು ಎಷ್ಟು ಹೊತ್ತು ಹಿಡಿಯುತ್ತದೆ, ದಿನಕ್ಕೆ ಎಷ್ಟು ಜೇಬು ಹಚ್ಚಬೇಕು ಎಂದು ಕೇಳಿ ನೋಡಿ. ಚಿತ್ರದಲ್ಲಿ ಕಾಣದ ಎಷ್ಟೋ ಸಂಗತಿಗಳನ್ನು ಅವರು ಹೇಳಬಲ್ಲರು.

ಕೊನೆಯದಾಗಿ ನಿಮಗೊಂದು ಕೆಲಸ. ಹಾಳೆಯ ಹಿಂಭಾಗದಲ್ಲಿ ನಿಮ್ಮ ಶಾಲೆಯ ಅಥವಾ ಕಾಲೇಜಿನ ಸಮವಸ್ತ್ರವನ್ನು ಬರೆಯಿರಿ. ಹುಡುಗರದು ಒಂದು ಕಡೆ, ಹುಡುಗಿಯರದು ಇನ್ನೊಂದು ಕಡೆ. ಜೇಬು ಇರುವ ಕಡೆಯಲ್ಲೆಲ್ಲ ಒಂದು ಚೌಕ ಹಾಕಿ. ಹುಡುಗರ ಚಿತ್ರದಲ್ಲಿ ಮೂರೋ ನಾಲ್ಕೋ ಚೌಕಗಳು ಬರುತ್ತವೆ. ಎಷ್ಟೋ ಶಾಲೆಗಳ ಚೂಡಿದಾರದ ಚಿತ್ರದಲ್ಲಿ ಒಂದೂ ಬರುವುದಿಲ್ಲ. ಬಸ್ ಪಾಸು, ಚಿಲ್ಲರೆ, ಕರವಸ್ತ್ರ, ಮನೆಯ ಬೀಗದ ಕೈ, ಇವು ಹುಡುಗಿಯರಿಗೆ ಬೇಡವೇ? ಬೇಡ ಎಂದು ಯಾರೂ ಕುಳಿತು ತೀರ್ಮಾನಿಸಿದ್ದಲ್ಲ. ಚಿತ್ರ ಬರೆದಾಗ ಯಾರಿಗೂ ಹೊಳೆಯಲಿಲ್ಲ, ಅಷ್ಟೆ. ಒಂದು ಜೇಬಿಗೆ ಬೇಕಾಗುವುದು ಗೇಣಗಲದ ಬಟ್ಟೆ.

ಹುಡುಗಿಯರ ಆ ಚಿತ್ರದಲ್ಲಿ ನಿಮಗೆ ಸರಿ ಎನಿಸಿದ ಜಾಗದಲ್ಲಿ ಒಂದು ಚೌಕ ಬರೆದು, ಹಾಳೆಯನ್ನು ನಿಮ್ಮ ದರ್ಜಿಯವರಿಗೆ ತೋರಿಸಿ. ಅವರು ಬಿಲ್ ಪುಸ್ತಕ ತೆಗೆದು ಆ ಗೆರೆಯನ್ನು ತಮ್ಮ ಚಿತ್ರಕ್ಕೂ ಸೇರಿಸಿಕೊಳ್ಳಬಹುದು. ಮುಂದಿನ ವರ್ಷದ ಸಮವಸ್ತ್ರದ ಬಗ್ಗೆ ಮಾತು ಬಂದಾಗ ಅದೇ ಹಾಳೆಯನ್ನು ನಿಮ್ಮ ಉಪಾಧ್ಯಾಯರ ಮುಂದೆಯೂ ಇಡಿ.